ಚೀಟಿ ಕೊಂಡವನು ಜೀವವನ್ನೂ ಮಾರಿದನೇ?

ತಳಕಲ್ ಸುತ್ತಲಿನ ಹಳ್ಳಿಗಳಲ್ಲಿ ಸುಗ್ಗಿ ಮುಗಿಯುತ್ತ ಬಂದಂತೆ ಜಾತ್ರೆ, ಉರುಸುಗಳ ಸಾಲು ಶುರುವಾಗುತ್ತದೆ. ಬೆಂಡು ಬೆತ್ತಾಸಿನ ಅಂಗಡಿ, ಬಳೆ ಅಂಗಡಿ, ಮಿರ್ಚಿ ಕರಿಯುವ ಬಂಡಿ, ಇವುಗಳ ಆಚೆ ಬಯಲಿನಲ್ಲಿ ತಿರುಗುವ ತೊಟ್ಟಿಲು ಮತ್ತು ತೂಗುವ ದೋಣಿ. ದೋಣಿಗೆ ಮಕ್ಕಳು ಕೊಲಂಬಸ್ ಎನ್ನುತ್ತಾರೆ. ಕೆಲವು ವರ್ಷಗಳ ಹಿಂದೆ ಇಂಥದೊಂದು ಜಾತ್ರೆಯಲ್ಲಿ, ತೇರು ಎಳೆದ ಮರುದಿನ ಸಂಜೆ, ಹನ್ನೆರಡು ವರ್ಷದ ಹುಡುಗಿಯೊಬ್ಬಳು ಆ ದೋಣಿಯಿಂದ ಕೆಳಗೆ ಬಿದ್ದದ್ದನ್ನು ನಾನು ಕಂಡೆ. ಎದೆಗೆ ಅಡ್ಡವಾಗಿ ಹಾಕುವ ಕಬ್ಬಿಣದ ಸಲಾಕೆಗೆ ಕೀಲು ಇರಲಿಲ್ಲ. ಕೀಲಿನ ಜಾಗದಲ್ಲಿ ತಂತಿ ಸುತ್ತಿದ್ದರು. ದೋಣಿ ಮೇಲೇರಿದಾಗ ತಂತಿ ಬಿಚ್ಚಿಕೊಂಡಿತು. ಹುಡುಗಿ ಬದುಕಿದಳು. ಆದರೆ ಅವಳ ಸೊಂಟದ ಎಲುಬು ಮೊದಲಿನಂತಾಗಲಿಲ್ಲ.

ಆ ರಾತ್ರಿ ಅಲ್ಲಿ ಮೂರು ಮಾತುಗಳು ಕೇಳಿಬಂದವು. ಯಂತ್ರದ ಮಾಲೀಕ ತನ್ನ ಬೋರ್ಡು ತೋರಿಸಿದ. ನಿಮ್ಮ ಸ್ವಂತ ಜವಾಬ್ದಾರಿಯ ಮೇಲೆ ಹತ್ತಿರಿ ಎಂದು ಅದರಲ್ಲಿ ಬರೆದಿತ್ತು. "ನಾವೇನು ಕೈ ಹಿಡದು ಹತ್ತಿಸಿದ್ವೇನ್ರಿ?" ಎಂದ. ಹುಡುಗಿಯ ಅಜ್ಜ ನೆಲಕ್ಕೆ ಕುಳಿತು, "ಆಕಿ ಹಣ್ಯಾಗ ಬರದಿದ್ದನ್ನ ಯಾರು ತಪ್ಪಸ್ತಾರ ತಮ್ಮಾ" ಎಂದರು. ಜನರ ಗುಂಪು, ಎಂಜಿನ್ ನಡೆಸುತ್ತಿದ್ದ ಹದಿನೇಳು ಹದಿನೆಂಟರ ಹುಡುಗನನ್ನು ಹಿಡಿದು, "ಇವನ್ದ ತಪ್ಪು" ಎಂದು ಹೊಡೆಯಿತು. ಹಿರಿಯರು ಸೇರಿ ರಾಜಿ ಮಾಡಿಸಿದರು. ಆಸ್ಪತ್ರೆಯ ಖರ್ಚಿಗೆಂದು ಒಂದಷ್ಟು ಹಣ ಕೈ ಬದಲಾಯಿತು. ಬೆಳಗಾಗುವಷ್ಟರಲ್ಲಿ ದೋಣಿಯನ್ನು ಬಿಚ್ಚಿ ಲಾರಿಗೆ ಹೇರಿಯಾಗಿತ್ತು. ಮುಂದಿನ ಜಾತ್ರೆ ಬೇರೆ ಊರಿನಲ್ಲಿತ್ತು.

ಈ ಮೂರು ಮಾತುಗಳಲ್ಲಿ ಮೂರು ವಾದಗಳಿವೆ. ನೀನೇ ಒಪ್ಪಿ ಬಂದೆ ಎಂಬುದು ಒಂದು. ವಿಧಿ ಹಾಗಿತ್ತು ಎಂಬುದು ಇನ್ನೊಂದು. ಯಂತ್ರದ ಹತ್ತಿರ ನಿಂತಿದ್ದವನೇ ಅಪರಾಧಿ ಎಂಬುದು ಮೂರನೆಯದು. ಜಾತ್ರೆಯ ತೊಟ್ಟಿಲಿನಿಂದ ಹಿಡಿದು ಕಾಶ್ಮೀರದ ಹಿಮದ ಮೇಲೆ ತೂಗುವ ಕುರ್ಚಿಯವರೆಗೆ, ಮನುಷ್ಯ ಮನುಷ್ಯನನ್ನು ಹಣ ಪಡೆದು ಎತ್ತರಕ್ಕೆ ಏರಿಸುವ ಕಡೆಯಲ್ಲೆಲ್ಲ ಅನಾಹುತದ ನಂತರ ಇವೇ ಮೂರು ವಾದಗಳು ಕೇಳಿಬರುತ್ತವೆ. ಅವು ಎಷ್ಟರ ಮಟ್ಟಿಗೆ ನಿಲ್ಲುತ್ತವೆ ಎಂದು ನೋಡುವ ಅಗತ್ಯವಿದೆ.

ಅದಕ್ಕೂ ಮೊದಲು ತಳಕಲ್ಲಿನ ರೈಲು ನಿಲ್ದಾಣದ ಕಡೆಗೆ ಒಮ್ಮೆ ನೋಡೋಣ. ಇದು ಗದಗ–ವಾಡಿ ಹೊಸ ಮಾರ್ಗ ಕವಲೊಡೆಯುವ ಜಾಗ. 2025ರ ಮೇ ತಿಂಗಳಲ್ಲಿ ಇಲ್ಲಿಂದ ಕುಷ್ಟಗಿಯವರೆಗೆ ಪ್ರಯಾಣಿಕರ ರೈಲು ಓಡತೊಡಗಿತು. ಹೊಸ ಹಳಿಯ ಮೇಲೆ ಒಬ್ಬ ಪ್ರಯಾಣಿಕನನ್ನಾದರೂ ಕೂರಿಸುವ ಮೊದಲು ರೈಲ್ವೆ ಸುರಕ್ಷತಾ ಆಯುಕ್ತರು ಬಂದು ಪರೀಕ್ಷಿಸಿ ಒಪ್ಪಿಗೆ ಕೊಡಬೇಕು. ಗಮನಿಸಬೇಕಾದ ಸಂಗತಿಯೆಂದರೆ, ಈ ಆಯುಕ್ತರ ಸಂಸ್ಥೆ ರೈಲ್ವೆ ಸಚಿವಾಲಯದ ಕೈಕೆಳಗಿಲ್ಲ. ಅದು ನಾಗರಿಕ ವಿಮಾನಯಾನ ಸಚಿವಾಲಯದ ಅಧೀನದಲ್ಲಿದೆ. ಓಡಿಸುವವನೇ ತನ್ನನ್ನು ತಾನು ಪಾಸು ಮಾಡಿಕೊಳ್ಳಬಾರದು ಎಂಬ ವಿವೇಕ ಇದರ ಹಿಂದಿದೆ. ಇಷ್ಟಾದ ಮೇಲೂ ಟಿಕೆಟ್ ಕೊಂಡ ಪ್ರಯಾಣಿಕ ರೈಲಿನಿಂದ ಬಿದ್ದು ಸತ್ತರೆ, 1989ರ ರೈಲ್ವೆ ಕಾಯಿದೆಯ 124ಎ ಕಲಮಿನಂತೆ ಅವನ ಕುಟುಂಬಕ್ಕೆ ಪರಿಹಾರ ಸಲ್ಲುತ್ತದೆ. ತಪ್ಪು ರೈಲ್ವೆಯದೆಂದು ಆ ಕುಟುಂಬ ಸಾಬೀತುಪಡಿಸಬೇಕಾಗಿಲ್ಲ. 2017ರ ಜನವರಿಯಿಂದ ಮರಣಕ್ಕೆ ಈ ಮೊತ್ತ 8 ಲಕ್ಷ ರೂಪಾಯಿ. ಆತ್ಮಹತ್ಯೆ, ಕುಡಿತದ ಅಮಲು ಮೊದಲಾದ ಕೆಲವು ವಿನಾಯಿತಿಗಳಿವೆ. ಆದರೆ ಹತ್ತುವಾಗ ಇಳಿಯುವಾಗ ಪ್ರಯಾಣಿಕ ಅಜಾಗರೂಕನಾಗಿದ್ದ ಎಂಬ ಒಂದೇ ಕಾರಣಕ್ಕೆ ಪರಿಹಾರ ನಿರಾಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು 2008ರಲ್ಲಿಯೂ 2018ರಲ್ಲಿಯೂ ಹೇಳಿದೆ.

ಒಂದೇ ಊರಿನ ಮನುಷ್ಯ ಬೆಳಿಗ್ಗೆ ನಿಲ್ದಾಣದಲ್ಲಿ ಒಂದು ಚೀಟಿ ಕೊಳ್ಳುತ್ತಾನೆ, ಸಂಜೆ ಜಾತ್ರೆಯಲ್ಲಿ ಇನ್ನೊಂದು ಚೀಟಿ ಕೊಳ್ಳುತ್ತಾನೆ. ಎರಡೂ ಕಡೆ ಅವನು ಒಪ್ಪಿಸುವುದು ತನ್ನ ದೇಹವನ್ನೇ. ಒಂದು ಚೀಟಿಯ ಹಿಂದೆ ಪರೀಕ್ಷೆಯಿದೆ, ನ್ಯಾಯಮಂಡಳಿಯಿದೆ, ಪರಿಹಾರವಿದೆ. ಇನ್ನೊಂದರ ಹಿಂದೆ ಒಂದು ಬೋರ್ಡು ಮಾತ್ರ ಇದೆ. ಜಾತ್ರೆಯ ತೊಟ್ಟಿಲಿಗೂ ಪರವಾನಿಗೆ ಎಂಬುದುಂಟು, ಜಾಗದ ಬಾಡಿಗೆ ಉಂಟು, ಕಾಗದದ ಮೇಲೆ ಸಹಿಗಳೂ ಉಂಟು. ಆದರೆ ಸಹಿ ಹಾಕಿದವರಲ್ಲಿ ಯಾರಾದರೂ ಒಬ್ಬರು ಆ ಸಲಾಕೆಯ ಕೀಲನ್ನು ಮುಟ್ಟಿ ನೋಡಿದ್ದರೇ? ಪ್ರಾಣದ ಬೆಲೆ ಚೀಟಿಯ ಬಣ್ಣದ ಮೇಲೆ ಬದಲಾಗಬೇಕೇ?

ಈಗ ಮೊದಲ ವಾದಕ್ಕೆ ಬರೋಣ. ಒಪ್ಪಿ ಬಂದವನಿಗೆ ಅನ್ಯಾಯವಾಯಿತೆನ್ನಲಾಗದು ಎಂಬುದು ರೋಮನ್ನರ ಕಾಲದಿಂದ ಬಂದ ನ್ಯಾಯಸೂತ್ರ. 1929ರಲ್ಲಿ ನ್ಯೂಯಾರ್ಕಿನಲ್ಲಿ ಒಂದು ಪ್ರಸಿದ್ಧ ಮೊಕದ್ದಮೆ ನಡೆಯಿತು. ಕೋನಿ ಐಲ್ಯಾಂಡಿನ ಮನರಂಜನಾ ಪಾರ್ಕಿನಲ್ಲಿ ಓಡುವ ಪಟ್ಟಿಯ ಮೇಲೆ ಜನರನ್ನು ನಿಲ್ಲಿಸಿ ಬೀಳಿಸುವ ಆಟವೊಂದಿತ್ತು. ಅದರಲ್ಲಿ ಬಿದ್ದು ಮಂಡಿಚಿಪ್ಪು ಮುರಿದುಕೊಂಡ ಯುವಕ ದಾವೆ ಹೂಡಿದ. ನ್ಯಾಯಮೂರ್ತಿ ಬೆಂಜಮಿನ್ ಕಾರ್ಡೋಜೋ ಅವನ ವಿರುದ್ಧ ತೀರ್ಪು ಕೊಟ್ಟರು. ಬೀಳುವುದೇ ಆ ಆಟದ ಮೋಜು, ಬೀಳುವವರನ್ನು ನೋಡಿಯೇ ಅವನೂ ಹತ್ತಿದ್ದ, ಅಂಜುವವರು ದೂರವಿರಬಹುದಿತ್ತು ಎಂಬುದು ಅವರ ತರ್ಕದ ಸಾರ. ಈ ತರ್ಕವನ್ನು ಸುಲಭವಾಗಿ ತಳ್ಳಿಹಾಕಲಾಗದು. ಮನುಷ್ಯನಿಗೆ ಅಪಾಯವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ಇಲ್ಲವೆಂದಾದರೆ ಕುಸ್ತಿಯೂ ಇಲ್ಲ, ಈಜೂ ಇಲ್ಲ, ಬೆಟ್ಟ ಹತ್ತುವುದೂ ಇಲ್ಲ.

ಆದರೆ ನಾವು ಕೇಳಬೇಕಾದ ಪ್ರಶ್ನೆ ಬೇರೆ. ಆ ಹುಡುಗಿ ಒಪ್ಪಿದ್ದು ಯಾವ ಅಪಾಯಕ್ಕೆ? ದೋಣಿ ಮೇಲೇರುವಾಗ ಹೊಟ್ಟೆಯಲ್ಲಿ ಆಗುವ ತಳಮಳಕ್ಕೆ, ಕಣ್ಣು ಕತ್ತಲಾಗುವುದಕ್ಕೆ, ಇಳಿದ ಮೇಲೆ ವಾಂತಿಯಾಗುವುದಕ್ಕೆ ಅವಳು ಒಪ್ಪಿದ್ದಳು. ಕೀಲಿನ ಜಾಗದಲ್ಲಿ ತಂತಿ ಇರುವುದಕ್ಕೆ ಅವಳು ಒಪ್ಪಿರಲಿಲ್ಲ. ಒಪ್ಪುವುದು ಸಾಧ್ಯವೂ ಇರಲಿಲ್ಲ, ಏಕೆಂದರೆ ಅದು ಅವಳಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದಕ್ಕೆ ಒಪ್ಪಿಗೆ ಇರುವುದಿಲ್ಲ. ಕಣ್ಣಿಗೆ ಕಾಣುವ ಅಪಾಯ ಹತ್ತುವವನದು, ಕಾಣದ ಅಪಾಯ ಹತ್ತಿಸುವವನದು. ಬೋರ್ಡಿನ ಮೇಲೆ ಎಷ್ಟು ದೊಡ್ಡ ಅಕ್ಷರದಲ್ಲಿ ಬರೆದರೂ ಈ ಗೆರೆ ಅಳಿಸಿಹೋಗುವುದಿಲ್ಲ.

ಜಗತ್ತಿನ ನ್ಯಾಯಾಲಯಗಳೂ ನಿಧಾನವಾಗಿ ಈ ಗೆರೆಯ ಕಡೆಗೆ ಬರುತ್ತಿವೆ. ಅಮೆರಿಕದ ಕೊಲರಾಡೋ ರಾಜ್ಯದಲ್ಲಿ ಹಿಮದ ಮೇಲೆ ಜಾರುವ ಆಟಕ್ಕೆ ಹೋದ ಹದಿನಾರರ ಹುಡುಗಿಯೊಬ್ಬಳು 2022ರಲ್ಲಿ ತೂಗುಕುರ್ಚಿಯಲ್ಲಿ ಸರಿಯಾಗಿ ಕೂರಲಾಗದೆ ಜೋತುಬಿದ್ದಳು. ತಂದೆ ಅವಳನ್ನು ಹಿಡಿದುಕೊಳ್ಳಲು ಹೆಣಗಿದರು. ಯಂತ್ರ ನಿಲ್ಲಿಸಿರೆಂದು ಜನ ಕೂಗಿಕೊಂಡರೂ ಅದು ನಿಲ್ಲಲಿಲ್ಲ ಎಂಬುದು ಕುಟುಂಬದ ದೂರು. ಸುಮಾರು ಮೂವತ್ತು ಅಡಿ ಎತ್ತರದಿಂದ ಬಿದ್ದ ಆಕೆ ಕಾಲುಗಳ ಸ್ವಾಧೀನ ಕಳೆದುಕೊಂಡಳು. ಹೊಣೆ ನಮ್ಮದಲ್ಲ ಎಂಬ ಒಪ್ಪಂದಕ್ಕೆ ತಂದೆ ಮೊದಲೇ ಸಮ್ಮತಿಸಿದ್ದರು ಎಂದು ಕಂಪನಿ ವಾದಿಸಿತು. 2024ರ ಮೇ ತಿಂಗಳಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟು, ಕಾನೂನು ವಿಧಿಸಿದ ಸುರಕ್ಷತೆಯ ಕರ್ತವ್ಯದಿಂದ ಇಂಥ ಖಾಸಗಿ ಕಾಗದದ ಮೂಲಕ ಬಿಡಿಸಿಕೊಳ್ಳಲಾಗದು ಎಂದು ತೀರ್ಪಿತ್ತಿತು. ನಮ್ಮ ಸುಪ್ರೀಂ ಕೋರ್ಟು 2019ರಲ್ಲಿ, ಹೋಟೆಲಿನವರ ವಶಕ್ಕೆ ಕೊಟ್ಟ ಕಾರು ಕಳುವಾದ ಪ್ರಕರಣದಲ್ಲಿ, ಮಾಲೀಕರ ಜವಾಬ್ದಾರಿ ಎಂದು ಚೀಟಿಯಲ್ಲಿ ಅಚ್ಚು ಹಾಕಿದ ಮಾತ್ರಕ್ಕೆ ಹೋಟೆಲು ತನ್ನ ಅಲಕ್ಷ್ಯದ ಹೊಣೆ ಕಳಚಿಕೊಳ್ಳುವಂತಿಲ್ಲ ಎಂದಿತು. ಕಾರಿಗೆ ಸಲ್ಲುವ ನ್ಯಾಯ ಮನುಷ್ಯನ ಸೊಂಟಕ್ಕೆ ಸಲ್ಲಬಾರದೇ?

ಎರಡನೆಯ ವಾದ ವಿಧಿಯದು. ಇದು ನಮ್ಮ ಜನರ ನಾಲಿಗೆಯ ಮೇಲೆ ಸದಾ ಇರುವ ಮಾತು. ಮುಸ್ಲಿಮರು ತಖ್ದೀರ್ ಎನ್ನುತ್ತಾರೆ, ಹಿಂದೂಗಳು ಹಣೆಬರಹ ಎನ್ನುತ್ತಾರೆ. ಸಾವು ಬದುಕು ಅಲ್ಲಾಹನ ಕೈಯಲ್ಲಿದೆ ಎಂಬುದು ನಮ್ಮ ವಿಶ್ವಾಸದ ಭಾಗ. ಆದರೆ ಅದೇ ವಿಶ್ವಾಸ ನಮಗೆ ಬೇರೊಂದನ್ನೂ ಕಲಿಸಿದೆ. ಒಂಟೆಯನ್ನು ಕಟ್ಟಿ ಆಮೇಲೆ ದೇವರಲ್ಲಿ ಭರವಸೆ ಇಡಬೇಕೆಂದು ಪ್ರವಾದಿ(ಸ)ಯವರು ಹಳ್ಳಿಗನೊಬ್ಬನಿಗೆ ಹೇಳಿದ ಪ್ರಸಂಗ ಮದ್ರಸದ ಮಕ್ಕಳಿಗೂ ಗೊತ್ತು. ಖಲೀಫ ಉಮರ್(ರ) ಸಿರಿಯಾ ಕಡೆಗೆ ಹೊರಟಾಗ ಅಲ್ಲಿ ಪ್ಲೇಗ್ ಹಬ್ಬಿದ ಸುದ್ದಿ ಬಂತು. ಅವರು ಹಿಂದಿರುಗಲು ನಿರ್ಧರಿಸಿದರು. ದೇವರ ವಿಧಿಯಿಂದ ಓಡಿಹೋಗುತ್ತೀರಾ ಎಂದು ಅಬೂ ಉಬೈದಾ(ರ) ಕೇಳಿದರು. ಒಂದು ವಿಧಿಯಿಂದ ಇನ್ನೊಂದು ವಿಧಿಯ ಕಡೆಗೇ ಹೋಗುತ್ತಿದ್ದೇವೆ ಎಂಬುದು ಉಮರ್‌ರ ಉತ್ತರದ ತಾತ್ಪರ್ಯವಾಗಿತ್ತು. ಅಂದರೆ ಎಚ್ಚರವೂ ವಿಧಿಯ ಹೊರಗಿನದಲ್ಲ. ಕೀಲು ಹಾಕುವುದೂ ವಿಧಿಯೊಳಗಿನ ಕೆಲಸವೇ.

ಇನ್ನೂ ಮುಖ್ಯವಾದದ್ದು, ಅರಿಯದೆ ಆದ ಕೊಲೆಯ ಬಗ್ಗೆ ಕುರ್‌ಆನ್ ಕೊಟ್ಟ ವಿಧಾನ. ಕೈತಪ್ಪಿ ಒಬ್ಬನ ಪ್ರಾಣ ಹೋದರೂ ಕೊಂದವನು ದೇವರ ಇಚ್ಛೆ ಎಂದು ಕೈ ತೊಳೆದುಕೊಳ್ಳುವಂತಿಲ್ಲ. ಸತ್ತವನ ಕುಟುಂಬಕ್ಕೆ ದಿಯತ್ ಕೊಡಬೇಕು. ಅವರು ತಾವಾಗಿ ಮನ್ನಿಸಿದರೆ ಮಾತ್ರ ಆ ಸಾಲ ತೀರುತ್ತದೆ. ಅದರ ಜೊತೆಗೆ ಒಬ್ಬ ಗುಲಾಮನನ್ನು ಬಿಡುಗಡೆ ಮಾಡಬೇಕು, ಅದು ಆಗದಿದ್ದರೆ ಎರಡು ತಿಂಗಳು ಬಿಡದೆ ಉಪವಾಸ ಮಾಡಬೇಕು. ಇದರಲ್ಲಿ ಎರಡು ಸಾಲಗಳಿವೆ. ಒಂದು ಮನುಷ್ಯರಿಗೆ ಸಲ್ಲಿಸಬೇಕಾದದ್ದು, ಇನ್ನೊಂದು ಸ್ವಂತ ಆತ್ಮಕ್ಕೆ ಸಂಬಂಧಿಸಿದ್ದು. ಉದ್ದೇಶವಿರಲಿಲ್ಲ ಎಂಬುದು ಶಿಕ್ಷೆಯನ್ನು ಬದಲಿಸುತ್ತದೆ, ಹೊಣೆಯನ್ನು ಇಲ್ಲವಾಗಿಸುವುದಿಲ್ಲ.

ಹಾಗಾದರೆ ಆ ಅಜ್ಜ ಹೇಳಿದ ಮಾತು ತಪ್ಪೇ? ಅಲ್ಲ. ಮಾತು ಯಾರ ಬಾಯಿಂದ ಬಂತು ಎಂಬುದರ ಮೇಲೆ ಅದರ ಅರ್ಥ ನಿಲ್ಲುತ್ತದೆ. ನೊಂದವನು ವಿಧಿ ಎಂದರೆ ಅದು ತಾಳ್ಮೆ, ಸಬ್ರ್. ನೋವು ಕೊಟ್ಟವನು ವಿಧಿ ಎಂದರೆ ಅದು ಪಲಾಯನ. ಅಜ್ಜ ತನ್ನ ಎದೆಯ ಬೆಂಕಿ ಆರಿಸಿಕೊಳ್ಳಲು ಆಡಿದ ಮಾತನ್ನು ಮಾಲೀಕ, ಹಿರಿಯರು, ಅಧಿಕಾರಿಗಳು ಎಲ್ಲರೂ ಎತ್ತಿಕೊಂಡು ತಮ್ಮ ತಮ್ಮ ರಕ್ಷಣೆಗೆ ಬಳಸಿದರು. ಬಡವನ ಸಾಂತ್ವನವನ್ನೂ ಕಸಿದುಕೊಂಡು ಉಳ್ಳವನ ಸಾಕ್ಷಿಯಾಗಿ ಮಾಡುವುದು ಬಲು ನಯವಾದ ಕಳ್ಳತನ.

ಹತ್ತುವವನಿಗೆ ಹೊಣೆಯೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಮನೆ ಕಟ್ಟಿದರೆ ಮಾಳಿಗೆಗೆ ಕಟ್ಟೆ ಕಟ್ಟಿಸು, ಇಲ್ಲವಾದರೆ ಬಿದ್ದವನ ರಕ್ತ ನಿನ್ನ ಮನೆಯ ಮೇಲೆ ಎಂಬ ಅರ್ಥದ ಆಜ್ಞೆ ತೌರಾತಿನಲ್ಲಿದೆ. ತಡೆಗೋಡೆಯಿಲ್ಲದ ಮಾಳಿಗೆಯ ಮೇಲೆ ಮಲಗುವವನು ತನ್ನ ರಕ್ಷಣೆಯನ್ನು ತಾನೇ ಕಳೆದುಕೊಳ್ಳುತ್ತಾನೆ ಎಂಬ ಎಚ್ಚರಿಕೆ ಹದೀಸಿನಲ್ಲಿದೆ. ಒಂದು ಕಟ್ಟಿದವನಿಗೆ ಹೇಳಿದ್ದು, ಇನ್ನೊಂದು ಮಲಗುವವನಿಗೆ. ಎರಡನ್ನೂ ಕೂಡಿಸಿ ಓದಿದರೆ ನ್ಯಾಯ ಪೂರ್ತಿಯಾಗುತ್ತದೆ. ತೂಗುವ ದೋಣಿಯಲ್ಲಿ ಎದ್ದು ನಿಂತು ಮೊಬೈಲು ಹಿಡಿಯುವ ಹುಡುಗನಿಗೆ ತನ್ನ ಪಾಲಿನ ತಪ್ಪು ಇದ್ದೇ ಇದೆ. ಆದರೆ ಮಾಳಿಗೆಗೆ ಕಟ್ಟೆ ಇದೆಯೋ ಇಲ್ಲವೋ ಎಂಬುದು ಕಣ್ಣಿಗೆ ಕಾಣುತ್ತದೆ. ಕೀಲು ಸವೆದಿದೆಯೋ, ಹಗ್ಗದ ಒಳಗಿನ ಎಳೆ ತುಂಡಾಗಿದೆಯೋ ಎಂಬುದು ಚೀಟಿ ಕೊಂಡವನಿಗೆ ಕಾಣುವುದಿಲ್ಲ.

ಇಲ್ಲಿ ಒಂದು ಗಂಭೀರ ಆಕ್ಷೇಪವಿದೆ. ಜಾತ್ರೆಯ ತೊಟ್ಟಿಲಿನ ಮಾಲೀಕ ದೊಡ್ಡ ಬಂಡವಾಳಗಾರನಲ್ಲ. ಸಾಲ ಮಾಡಿ ಯಂತ್ರ ಕೊಂಡು ಊರೂರು ಅಲೆಯುವವನು. ಪೂರ್ತಿ ಹೊಣೆಯನ್ನು ಅವನ ಮೇಲೆ ಹೇರಿದರೆ ಅವನು ಮುಳುಗುತ್ತಾನೆ. ದೊಡ್ಡ ನಗರದ ಮನರಂಜನಾ ಪಾರ್ಕಿಗೆ ಹೋಗಲಾಗದ ನಮ್ಮ ಹಳ್ಳಿಯ ಮಕ್ಕಳಿಗೆ ಇರುವ ಒಂದು ಸಂತೋಷವೂ ಹೋಗುತ್ತದೆ. ಈ ಮಾತಿನಲ್ಲಿ ಸತ್ಯವಿದೆ. ಆದರೆ ಇದಕ್ಕೂ ಹಳೆಯ ಉತ್ತರವೊಂದಿದೆ. ಅರಿಯದೆ ಆದ ಸಾವಿನ ದಿಯತ್ತನ್ನು ಇಸ್ಲಾಮೀ ನ್ಯಾಯಶಾಸ್ತ್ರ ಒಬ್ಬನ ತಲೆಯ ಮೇಲೆ ಹಾಕಲಿಲ್ಲ. ಅವನ ಬಳಗ, ಅಂದರೆ ಆಖಿಲಾ, ಹಂಚಿಕೊಂಡು ಕೊಡಬೇಕೆಂದಿತು. ಹಾನಿ ಒಬ್ಬನನ್ನು ಮುರಿಯಬಾರದು, ನೊಂದವನ ಕೈ ಖಾಲಿ ಇರಲೂಬಾರದು ಎಂಬುದು ಇದರ ಮರ್ಮ. ರೈಲ್ವೆಯ ಪರಿಹಾರದಲ್ಲಿ ಕೆಲಸ ಮಾಡುವುದೂ ಇದೇ ತತ್ವ. ಜಾತ್ರೆಗೆ ಬರುವ ಯಂತ್ರಗಳ ಮಾಲೀಕರೆಲ್ಲ ಸೇರಿ ಪ್ರತಿ ಚೀಟಿಯಿಂದ ಒಂದೆರಡು ರೂಪಾಯಿ ತೆಗೆದಿಟ್ಟರೆ, ಜಾತ್ರಾ ಸಮಿತಿ ಅದರಲ್ಲಿ ವಿಮೆ ಮಾಡಿಸಿದರೆ, ಯಾವ ಮಾಲೀಕನೂ ಮುಳುಗುವುದಿಲ್ಲ. ಬಡತನ ರಿಯಾಯಿತಿಗೆ ಕಾರಣವಾಗಬಹುದು, ತಂತಿ ಸುತ್ತುವುದಕ್ಕೆ ಕಾರಣವಾಗಬಾರದು. ಏಕೆಂದರೆ ಆ ತಂತಿಯ ಮೇಲೆ ಕೂರುವವನೂ ಬಡವನೇ.

ಮೂರನೆಯ ವಾದ ಅತ್ಯಂತ ಕ್ರೂರವಾದದ್ದು. ಎಂಜಿನ್ ನಡೆಸುತ್ತಿದ್ದ ಆ ಹುಡುಗ ದಿನಗೂಲಿಯವನು. ಕೀಲು ಕೊಡಿಸುವ ಅಧಿಕಾರ ಅವನಿಗಿರಲಿಲ್ಲ, ಆಟ ನಿಲ್ಲಿಸುವ ಅಧಿಕಾರವೂ ಇರಲಿಲ್ಲ. ಗುಜರಾತಿನ ಮೋರ್ಬಿಯಲ್ಲಿ ದುರಸ್ತಿಯ ನಂತರ ತೆರೆದ ತೂಗುಸೇತುವೆ ನಾಲ್ಕೇ ದಿನಗಳಲ್ಲಿ, 2022ರ ಅಕ್ಟೋಬರ್ 30ರಂದು, ಕುಸಿದು 135 ಮಂದಿ ಸತ್ತರು. ಅಲ್ಲಿಯೂ ಟಿಕೆಟ್ ಕೊಂಡೇ ಜನ ಸೇತುವೆ ಹತ್ತಿದ್ದರು. ಮೊದಲು ಬಂಧಿತರಾದವರಲ್ಲಿ ಟಿಕೆಟ್ ಹರಿಯುವ ಗುಮಾಸ್ತರೂ ಕಾವಲುಗಾರರೂ ಇದ್ದರು. ನಿರ್ವಹಣೆಯ ಹೊಣೆ ಹೊತ್ತಿದ್ದ ಕಂಪನಿಯ ಆಡಳಿತ ನಿರ್ದೇಶಕರು ನ್ಯಾಯಾಲಯಕ್ಕೆ ಶರಣಾದದ್ದು ಮೂರು ತಿಂಗಳ ನಂತರ. ಇಟಲಿಯ ಮೊಟ್ಟರೋನೆ ಬೆಟ್ಟದಲ್ಲಿ 2021ರ ಮೇ 23ರಂದು ಎಳೆಯುವ ಹಗ್ಗ ಹರಿದು ತೊಟ್ಟಿಲು ಹಿಂದಕ್ಕೆ ಜಾರಿ ಕಂಬಕ್ಕೆ ಬಡಿದು ಬಿತ್ತು. ಒಳಗಿದ್ದ 15 ಮಂದಿಯಲ್ಲಿ 14 ಮಂದಿ ಸತ್ತರು, ಒಂದು ಮಗು ಮಾತ್ರ ಉಳಿಯಿತು. ತುರ್ತು ಬ್ರೇಕು ಪದೇಪದೇ ತಾನಾಗಿ ಹಿಡಿದುಕೊಳ್ಳುತ್ತಿದ್ದುದರಿಂದ, ಓಡಾಟ ನಿಲ್ಲದಿರಲೆಂದು ಅದಕ್ಕೆ ಕಬ್ಬಿಣದ ಕವಲು ಸಿಕ್ಕಿಸಿ ಕೆಲಸ ಮಾಡದಂತೆ ಮಾಡಿದ್ದರು. ಅದನ್ನು ಸಿಕ್ಕಿಸಿದ ಕೈ ಕೆಲಸಗಾರನದು ಇರಬಹುದು. ಆದರೆ ಯಂತ್ರ ಒಂದು ದಿನವೂ ನಿಲ್ಲಬಾರದೆಂಬ ಆಸೆ ಯಾರದು?

ಕೈ ಮಾಡಿದ್ದನ್ನು ಕಾನೂನು ಬೇಗ ಹಿಡಿಯುತ್ತದೆ, ಆಸೆ ಮಾಡಿಸಿದ್ದನ್ನು ಹಿಡಿಯುವುದು ಕಷ್ಟ. ಹೊಣೆ ಹತ್ತು ಜನರಲ್ಲಿ ಹಂಚಿಹೋದಾಗ ಯಾರ ಪಾಲಿಗೂ ಶಿಕ್ಷೆಯಷ್ಟು ಉಳಿಯುವುದಿಲ್ಲ. ಆಸ್ಟ್ರಿಯಾದ ಕಾಪ್ರುನ್‌ನಲ್ಲಿ 2000ದ ನವೆಂಬರ್ 11ರಂದು ಹಿಮದ ಆಟಕ್ಕೆ ಹೊರಟವರನ್ನು ಹೊತ್ತ ಬೆಟ್ಟದ ರೈಲು ಸುರಂಗದಲ್ಲಿ ಹೊತ್ತಿ ಉರಿದು 155 ಮಂದಿ ಸತ್ತರು. ಚಾಲಕನ ಕೋಣೆಯ ಹೀಟರಿನಿಂದ ಬೆಂಕಿ ಹುಟ್ಟಿತ್ತು. 2004ರಲ್ಲಿ 16 ಆರೋಪಿಗಳೆಲ್ಲರೂ ಖುಲಾಸೆಯಾದರು. ಅಪರಾಧ ಸಾಬೀತಾಗದಿದ್ದರೆ ಬಿಡುಗಡೆಯೇ ನ್ಯಾಯ, ಅದರಲ್ಲಿ ಅನುಮಾನವಿಲ್ಲ. ಆದ್ದರಿಂದಲೇ ಪರಿಹಾರದ ಹೊಣೆಯನ್ನು ಅಪರಾಧದ ಸಾಬೀತಿಗೆ ಕಟ್ಟಿಹಾಕಬಾರದು. 1985ರ ಡಿಸೆಂಬರ್‌ನಲ್ಲಿ ದೆಹಲಿಯ ಶ್ರೀರಾಮ್ ಕಾರ್ಖಾನೆಯಿಂದ ಓಲಿಯಂ ಅನಿಲ ಸೋರಿದ ಪ್ರಕರಣದಲ್ಲಿ ಮುಖ್ಯ ನ್ಯಾಯಮೂರ್ತಿ ಪಿ.ಎನ್. ಭಗವತಿಯವರ ಪೀಠ ಮರುವರ್ಷ ಹೇಳಿದ್ದು ಇಂಥದೇ ಮಾತನ್ನು. ಅಪಾಯಕಾರಿ ಉದ್ಯಮದಿಂದ ಲಾಭ ಪಡೆಯುವವನು ಅದರಿಂದಾದ ಹಾನಿಯನ್ನು, ತನ್ನ ಅಲಕ್ಷ್ಯವಿರಲಿ ಇಲ್ಲದಿರಲಿ, ತುಂಬಿಕೊಡಬೇಕು. ಆ ತೀರ್ಪು ಅನಿಲ ಕಾರ್ಖಾನೆಯ ಕುರಿತದ್ದು, ಜಾತ್ರೆಯ ದೋಣಿಯ ಕುರಿತದ್ದಲ್ಲ. ಆದರೆ ಅದರ ನೀತಿ ಇಲ್ಲಿಗೂ ಸಲ್ಲುತ್ತದೆ.

ಇದೆಲ್ಲ ದೂರದ ಮಾತಲ್ಲ. ನಮ್ಮ ಗಂಗಾವತಿ ತಾಲೂಕಿನ ಅಂಜನಾದ್ರಿ ಬೆಟ್ಟಕ್ಕೆ 575 ಮೆಟ್ಟಿಲುಗಳಿವೆ. ಮುದುಕರು, ಅಂಗವಿಕಲರು ಹತ್ತಲೆಂದು ಅಲ್ಲಿ ರೋಪ್‌ವೇ ಆಗಬೇಕೆಂಬ ಮಾತು ವರ್ಷಗಳಿಂದ ನಡೆದಿದೆ. ಆಗಲಿ. ಮೊಣಕಾಲು ನೋವಿನ ತಾಯಿಯೊಬ್ಬಳು ತನ್ನ ದೇವರನ್ನು ಕಂಡು ಬರುವುದಾದರೆ ಸಂತೋಷವೇ. ಆದರೆ ಆ ಬೆಟ್ಟದಿಂದ ಸ್ವಲ್ಪವೇ ದೂರದಲ್ಲಿ, ಆನೆಗೊಂದಿಯ ಬಳಿ ತುಂಗಭದ್ರೆಗೆ ಅಡ್ಡಲಾಗಿ ಕಟ್ಟುತ್ತಿದ್ದ ಸೇತುವೆ 2009ರ ಜನವರಿಯಲ್ಲಿ ಕುಸಿದು ಕಾರ್ಮಿಕರು ಸತ್ತದ್ದನ್ನು ನಾವು ಮರೆಯಬಾರದು. ಅವರು ಯಾವ ಚೀಟಿಯನ್ನೂ ಕೊಂಡಿರಲಿಲ್ಲ, ಯಾವ ಮೋಜಿಗೂ ಹತ್ತಿರಲಿಲ್ಲ, ಕೂಲಿಗೆ ಹೋಗಿದ್ದರು. ಗುಲ್ಮಾರ್ಗಿನಲ್ಲಿ 2017ರ ಜೂನ್‌ನಲ್ಲಿ ಗಾಳಿಗೆ ಉರುಳಿದ ಮರ ಹಗ್ಗದ ಮೇಲೆ ಬಿದ್ದು 7 ಮಂದಿ ಸತ್ತರು. ಜಾರ್ಖಂಡಿನ ತ್ರಿಕೂಟ ಬೆಟ್ಟದಲ್ಲಿ 2022ರ ಏಪ್ರಿಲ್ 10ರಂದು ರೋಪ್‌ವೇ ಕೆಟ್ಟು ಜನ ಎರಡು ರಾತ್ರಿ ಆಕಾಶದಲ್ಲೇ ತೂಗಿದರು, 3 ಮಂದಿ ಸತ್ತರು. ಕಾಪಾಡಲು ವಾಯುಪಡೆಯ ಹೆಲಿಕಾಪ್ಟರುಗಳು ಬರಬೇಕಾಯಿತು. ಆದ್ದರಿಂದ ಅಡಿಗಲ್ಲು ಹಾಕುವ ಮೊದಲೇ ಕೇಳಬೇಕಾದ ಪ್ರಶ್ನೆಗಳಿವೆ. ಹಗ್ಗವನ್ನು ಯಾರು ಪರೀಕ್ಷಿಸುತ್ತಾರೆ, ಆ ಪರೀಕ್ಷಕನ ಸಂಬಳ ಯಾರ ಕೈಯಲ್ಲಿದೆ? ನಡುವೆ ನಿಂತರೆ ಇಳಿಸುವವರು ಯಾರು, ಅವರು ಎಷ್ಟು ದೂರದಲ್ಲಿದ್ದಾರೆ? ಕೆಲಸಗಾರನೊಬ್ಬ ಸಂಶಯ ಬಂದು ಯಂತ್ರ ನಿಲ್ಲಿಸಿದರೆ ಅವನ ನೌಕರಿ ಉಳಿಯುತ್ತದೆಯೇ?

ಈ ಕೊನೆಯ ಪ್ರಶ್ನೆಯೇ ನನಗೆ ಎಲ್ಲಕ್ಕಿಂತ ದೊಡ್ಡದೆನಿಸುತ್ತದೆ. ನಿಲ್ಲಿಸುವ ಅಧಿಕಾರವಿಲ್ಲದವನಿಗೆ ಹೊಣೆ ಹೊರಿಸುವುದು ಜುಲುಮು. ಹೊಣೆ ಹೊರಿಸುವುದಾದರೆ ಮೊದಲು ನಿಲ್ಲಿಸುವ ಅಧಿಕಾರ ಕೊಡಬೇಕು.

ಜಾತ್ರೆ, ಉರುಸಿನ ಸಮಿತಿಗಳಲ್ಲಿ ಇರುವವರು ದೇವಭಯವುಳ್ಳ ಜನ. ಊಟದ ವ್ಯವಸ್ಥೆಯಲ್ಲಿ, ನೀರಿನ ವ್ಯವಸ್ಥೆಯಲ್ಲಿ ಅವರು ತೋರುವ ಕಾಳಜಿ ದೊಡ್ಡದು. ಬಯಲಿನಲ್ಲಿ ತಿರುಗುವ ತೊಟ್ಟಿಲೂ ಅವರ ಕೈಯಲ್ಲಿರುವ ಅಮಾನತ್ತೇ ಎಂಬುದನ್ನು ನೆನಪಿಸುವವರು ಬೇಕು. ತಳಕಲ್ಲಿನಲ್ಲಿಯೇ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಇದೆ. ಅಲ್ಲಿನ ಮೇಷ್ಟ್ರೊಬ್ಬರು ನಾಲ್ಕು ವಿದ್ಯಾರ್ಥಿಗಳನ್ನು ಕರೆದುಕೊಂಡು ಬಂದು, ಜನ ಹತ್ತುವ ಮೊದಲು ಮರಳಿನ ಚೀಲ ಕೂರಿಸಿ ಒಂದು ಸುತ್ತು ತಿರುಗಿಸಿ, ಕೀಲು, ಬೋಲ್ಟು, ಬ್ರೇಕು ನೋಡಿ ಹೋಗಲಿ. ಇದರಿಂದ ಸರ್ಕಾರದ ತಪಾಸಣೆಯ ಹೊಣೆ ತಪ್ಪುವುದಿಲ್ಲ. ಆದರೆ ಸರ್ಕಾರ ಬರುವವರೆಗೆ ಮಕ್ಕಳು ಕಾಯುವುದಿಲ್ಲ, ಅವರು ಈ ವರ್ಷವೇ ಹತ್ತುತ್ತಾರೆ.

ಇರಾಕಿನ ದಾರಿಯಲ್ಲಿ ಒಂದು ಪ್ರಾಣಿ ಎಡವಿದರೂ, ದಾರಿ ಏಕೆ ಸಮ ಮಾಡಲಿಲ್ಲ ಎಂದು ತನ್ನನ್ನು ಕೇಳಲಾಗುವುದೆಂಬ ಭಯ ಖಲೀಫ ಉಮರ್(ರ) ಅವರಿಗಿತ್ತು ಎಂದು ಹೇಳಲಾಗುತ್ತದೆ. ಮದೀನಾದಲ್ಲಿದ್ದವರಿಗೆ ಇರಾಕಿನ ದಾರಿಯ ಚಿಂತೆ. ನಮಗೆ ನಮ್ಮದೇ ಊರಿನ ಬಯಲಿನ ಚಿಂತೆ ಬೇಡವೇ?

ಆ ಹುಡುಗಿ ಈಗ ದೊಡ್ಡವಳಾಗಿದ್ದಾಳೆ. ನಡೆಯುವಾಗ ಒಂದು ಬದಿಗೆ ವಾಲುತ್ತಾಳೆ. ರಾಜಿಯ ದಿನ ಕೊಟ್ಟ ಹಣ ಮೊದಲ ತಿಂಗಳಿಗೇ ಮುಗಿದಿತ್ತೆಂದು ಅವಳ ತಾಯಿ ಒಮ್ಮೆ ಹೇಳಿದರು. ಅವರಿಗೆ ಯಾರ ಮೇಲೂ ದ್ವೇಷವಿರಲಿಲ್ಲ. ಒಂದೇ ಒಂದು ಮಾತು ಅವರ ಮನಸ್ಸಿನಲ್ಲಿ ಉಳಿದಿತ್ತು. "ತಪ್ಪಾತು ಅಂತ ಒಬ್ಬರರ ಬಂದು ಅಂದಿದ್ರ ಸಾಕಿತ್ರಿ" ಎಂದರು. ಬೋರ್ಡಿನ ಹಿಂದೆ, ವಿಧಿಯ ಹಿಂದೆ, ಹೊಡೆತ ತಿಂದ ಆ ಹುಡುಗನ ಬೆನ್ನ ಹಿಂದೆ ಅಡಗಿ ನಿಂತ ನಾವು ಯಾರೂ ಆ ಮಾತು ಹೇಳಲಿಲ್ಲ. ಅಲ್ಲಿ ನಿಂತು ನೋಡಿದವರಲ್ಲಿ ನಾನೂ ಒಬ್ಬ.